ಬೇಲಿ ದಾಟಿದ ಕುಂಬಳ

ನಮ್ಮ ಬಡಾವಣೆಯ ಹೆಸರೇ ಸೂಪಿನೂರು.
ಬಟಾಣಿ ಬೀದಿ, ಹುರುಳಿಕಾಯಿ ಬೀದಿ;
ನಾನಿರುವುದು ಆಲೂಗಡ್ಡೆ ಬೀದಿ, ಮರದ ಮನೆ.
ತಾರ್ತುವಿನ ಟಪಾಲಿನವನು ವಿಳಾಸ ಓದಿ ನಗುವುದಿಲ್ಲ,
ಅವನೂ ಇಲ್ಲೇ ಬೆಂದವನು.

ಏಪ್ರಿಲ್ಲಿನಲ್ಲಿ ಹೊಳೆ ಹೇಳದೆ ಕೇಳದೆ ಹಿತ್ತಲಿಗೆ ಬರುತ್ತದೆ.
ಹೋದ ವರ್ಷದ ಎಲೆಕೋಸಿನ ಮೋಟುಗಳು
ಕೊರೆಯುವ ನೀರಲ್ಲಿ ಕೊರಳುದ್ದ ನಿಂತಿರುತ್ತವೆ,
ಬಸ್ಸು ತಪ್ಪಿಸಿಕೊಂಡವರ ಹಾಗೆ.
ಇಳಿದು ಹೋಗುವಾಗ ಒಂದಿಷ್ಟು ಗೋಡು ಬಿಟ್ಟುಹೋಯಿತು,
ತೌನೊನ ಸೌದೆಮನೆಯ ಹಲಗೆಯೊಂದನ್ನೂ.
ನಾನದನ್ನು ಹಿಂದಿರುಗಿಸಲಿಲ್ಲ.
ಕ್ಯಾರೆಟ್ ಮಡಿಗೆ ಅಂಚು ಕಟ್ಟಿದೆ.

ಹನ್ನೊಂದು ವರ್ಷವಾಯಿತು ನಾವು ಮಾತು ಬಿಟ್ಟು.
ಚೆರಿಮರದ ವಿಷಯ. ಅದು ಈಗ ಬೇಡ.

ಮೇ ಬಂತು. ಅತ್ತೆ ಹೇಳುತ್ತಿದ್ದಳು:
ಐನಿ, ಬರಿಗಾಲು ಮಣ್ಣಿಗಿಟ್ಟು ನೂರು ಎಣಿಸು,
ಎಳೆದುಕೊಳ್ಳಬೇಕು ಅನ್ನಿಸದಿದ್ದರೆ ಆಲೂಗಡ್ಡೆ ಹೂಳು.
ಅರವತ್ತಕ್ಕೆ ಎಳೆದುಕೊಂಡೆ.
ಮರುವಾರ ತೊಂಬತ್ತು ದಾಟಿತು, ಉಳಿದ ಹತ್ತನ್ನು
ಮಣ್ಣು ನನಗೆ ಸಾಲ ಕೊಟ್ಟಿತು.

ಜೂನಿನಲ್ಲಿ ಕತ್ತಲೆಗೆ ರಜೆ.
ರಾತ್ರಿ ಹನ್ನೊಂದಕ್ಕೂ ಕಳೆ ಯಾವುದು, ಸಬ್ಬಸಿಗೆ ಯಾವುದು
ಬೆರಳಿಗೆ ಬೇಕಿಲ್ಲ, ಕಣ್ಣಿಗೇ ಕಾಣುತ್ತದೆ.
ಬೇಲಿಯಾಚೆ ಅವನ ಗುದ್ದಲಿ ಕಲ್ಲಿಗೆ ತಾಗಿದರೆ ನನಗೆ ಗೊತ್ತು,
ನನ್ನ ಸೊಂಟ ಲಟಕ್ಕೆಂದರೆ ಅವನಿಗೆ.
ಸೊಳ್ಳೆಗಳು ಮಾತ್ರ ಎರಡೂ ಕಡೆ ಊಟ ಮಾಡುತ್ತವೆ.

ಬೇಲಿಯೇ ಎದ್ದು ಹೊಲ ಮೇಯುವುದು ಕೇಳಿದ್ದೆ;
ಇಲ್ಲಿ ಕುಂಬಳವೇ ಎದ್ದು ಬೇಲಿ ಮೇಯಿತು.
ನನ್ನ ತಿಪ್ಪೆ, ನನ್ನ ಬೀಜ, ನನ್ನ ಕೊಡಪಾನದ ನೀರು.
ನನ್ನ ಕಡೆ ಬರೀ ಗಂಡು ಹೂ, ಹಳದಿ ಜಂಬದವು.
ಹೆಣ್ಣು ಹೂ ಒಂದೇ ಒಂದು. ಅದು
ಹಲಗೆಗಳ ಸಂದಿಯಲ್ಲಿ ನುಸುಳಿ ಅವನಲ್ಲಿಗೆ ಹೋಗಿ ಬಸಿರಾಯಿತು.
ಇಣುಕಿ ನೋಡಿದೆ:
ಕಾಯಿ ಕೊಳೆಯದಂತೆ ಅಡಿಗೆ ಹುಲ್ಲು ಹಾಸಿದ್ದ.
ಮುದುಕನಿಗೆ ಬುದ್ಧಿಯಿದೆ ಎಂದುಕೊಂಡೆ, ಒಳಗೊಳಗೇ.

ಆಗಸ್ಟಿನಲ್ಲಿ ಸೌತೆ ಉಪ್ಪಿಗೆ ಹಾಕುವುದು.
ಸಬ್ಬಸಿಗೆ ಹೂ, ಬೆಳ್ಳುಳ್ಳಿ, ಓಕ್ ಎಲೆ, ಕಪ್ಪು ಕರಂಟ್ ಎಲೆ,
ಮೂಗು ಉರಿಸುವ ಕುದುರೆಮೂಲಂಗಿಯದೊಂದು ಎಲೆ.
ಅದು ಬೆಳೆಯುವುದು ತೌನೊನ ಮೂಲೆಯಲ್ಲಿ.
ಬೇಲಿಯಿಂದ ಈಚೆ ಚಾಚಿದ್ದು ಈಚೆಯವರದ್ದು
ಎಂದು ತೀರ್ಪು ಕೊಟ್ಟುಕೊಂಡು ಕಿತ್ತೆ.
ಆಮೇಲೆ ಹೊಳೆಯಿತು, ಆ ಕಾನೂನಿನ ಪ್ರಕಾರ
ಕುಂಬಳ ಯಾರದ್ದು.

ಸೆಪ್ಟೆಂಬರಿನ ಕೊನೆಗೆ ಮೊದಲ ಹಿಮ ಕಡಿಯಿತು.
ಬೆಳಗ್ಗೆ ಬಳ್ಳಿಯೆಲ್ಲ ಬೇಯಿಸಿದ ಸೊಪ್ಪು, ಕಪ್ಪು.
ಆಚೆ ಹುಲ್ಲಿನ ಮೇಲೆ ದುಂಡನೆಯ ಖಾಲಿ ಜಾಗ.
ಬಟಾಣಿ ಬೀದಿಯ ಅಂಗಡಿಯಲ್ಲಿ, ಉಪ್ಪು ಕೊಳ್ಳುತ್ತ,
ಅಂಗಡಿಯವಳಿಗೆ ಎನ್ನುವಂತೆ ಗಟ್ಟಿಯಾಗಿ ಹೇಳಿದೆ:
ಊರಲ್ಲಿ ಕುಂಬಳಕಾಯಿ ಕಳ್ಳರು ಹೆಚ್ಚಾಗಿದ್ದಾರೆ.
ಬ್ರೆಡ್ಡಿನ ಸಾಲಿನ ಹತ್ತಿರ ತೌನೊ
ಹೆಗಲು ಮುಟ್ಟಿ ನೋಡಿಕೊಂಡ.
ಸಂಧಿವಾತವೂ ಇದ್ದೀತು, ಹೇಳಲಾಗದು.

ಮರುದಿನ ಬೇಲಿಗೂಟದ ಮೇಲೆ
ಹಳೆಯ ಪೇಪರಿನಲ್ಲಿ ಸುತ್ತಿದ ಅರ್ಧ.
ಗರಗಸದಲ್ಲಿ ಕೊಯ್ದದ್ದು, ಕೂದಲೆಳೆಯ ಮೋಸವಿಲ್ಲ.
ಬೀಜ ಮಾತ್ರ ಒಂದೂ ಇಲ್ಲ, ಚಮಚದಲ್ಲಿ ಕೆರೆದು ತೆಗೆದಿದ್ದ.
ಲವಂಗ, ಸಕ್ಕರೆ, ವಿನೆಗರ್ ಹಾಕಿದೆ. ಆರು ಜಾಡಿ.
ಐದು ಅಟ್ಟಣಿಗೆಯ ಮೇಲಿವೆ.

ಈಗ ಜನವರಿ. ಮೂರೂವರೆಗೇ ಕತ್ತಲು.
ನೆಲಮಾಳಿಗೆಯ ಮರಳಲ್ಲಿ ಕ್ಯಾರೆಟ್ಟುಗಳು
ಗೋರಿಯಲ್ಲಲ್ಲ, ಹಾಸಿಗೆಯಲ್ಲಿ ಮಲಗಿವೆ.
ಬೇಲಿಯ ಮೇಲುತುದಿ ಒಂದು ಗೇಣು ಕಾಣುತ್ತದೆ,
ಉಳಿದದ್ದೆಲ್ಲ ಒಂದೇ ಬಿಳಿ, ಒಂದೇ ಹಿತ್ತಲು.
ಅವನ ಕಿಟಕಿಯಲ್ಲಿ ದೀಪ. ಒಲೆಯ ಪಕ್ಕದ ತಟ್ಟೆಯಲ್ಲಿ
ನನ್ನ ಬೀಜಗಳು ಒಣಗುತ್ತಿರಬಹುದು.

ಈ ಸಲ ನಾನು ಕುಂಬಳ ಹಾಕುವುದಿಲ್ಲ.
ಹಿಮ ಬೀಳುವ ಮುಂಚೆಯೇ ಬೇಲಿಯ ಈಚೆ ಒಂದು ಗಜ
ಅಗೆದು, ಗೊಬ್ಬರ ತುಂಬಿ, ಖಾಲಿ ಬಿಟ್ಟಿದ್ದೇನೆ.
ಒಂದು ಹಿಡಿ ಹುಲ್ಲೂ ಒಣಗಿಸಿಟ್ಟಿದ್ದೇನೆ.

ಹಲಗೆ ಮಾತ್ರ ಕೊಡುವುದಿಲ್ಲ.